ಗೊರಕೆ ಥಟ್ಟನೆ ನಿಂತಾಗ: ಸ್ಲೀಪ್ ಅಪ್ನಿಯಾ ಗುರುತಿಸಲು ಒಂದು ಕೈಪಿಡಿ

ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿದವರಿಗೆ ಗೊರಕೆಯ ಬಗೆಗಳನ್ನು ಯಾರೂ ಹೇಳಿಕೊಡಬೇಕಿಲ್ಲ. ಒಬ್ಬರದು ಹಿಟ್ಟಿನ ಗಿರಣಿಯಂತೆ ಒಂದೇ ಸಮ. ಇನ್ನೊಬ್ಬರದು ಸೀಟಿ. ಮೂಲೆಯಲ್ಲಿ ಮಲಗಿದ ಹಿರಿಯರೊಬ್ಬರದು ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತದೆ. "ಸದ್ಯ, ನಿಂತಿತು" ಎಂದು ಪಕ್ಕದವರು ಮಗ್ಗಲು ಬದಲಿಸುತ್ತಾರೆ. ಅಷ್ಟರಲ್ಲಿ ಹಿರಿಯರು ಬಾವಿಯಿಂದ ಮೇಲೆದ್ದವರಂತೆ ಗಕ್ಕನೆ ಉಸಿರೆಳೆದುಕೊಂಡು ಮತ್ತೆ ಶುರು ಮಾಡುತ್ತಾರೆ. ಹುಡುಗರು ಕಿಸಕ್ಕೆಂದು ನಗುತ್ತಾರೆ. ನಾನೂ ನಕ್ಕವನೇ. ಹೆದರಬೇಕಾದದ್ದು ಸದ್ದಿಗಲ್ಲ, ನಡುವೆ ಬರುವ ಆ ಮೌನಕ್ಕೆ ಎಂದು ತಿಳಿದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ, ಹೆಂಡತಿ ತನ್ನ ಮೊಬೈಲಿನಲ್ಲಿ ನನ್ನದೇ ಗೊರಕೆಯನ್ನು ಕೇಳಿಸಿದಾಗ.

ನಾನು ವೈದ್ಯನಲ್ಲ. ಆರು ವರ್ಷಗಳಿಂದ ಮೂಗಿಗೆ ಗಾಳಿ ಊದುವ ಯಂತ್ರದ ಮಾಸ್ಕ್ ಕಟ್ಟಿಕೊಂಡು ಮಲಗುವವನು, ಅದಕ್ಕೂ ಮುಂಚಿನ ನಾಲ್ಕೈದು ವರ್ಷಗಳನ್ನು ಏನಾಗಿದೆಯೆಂದು ತಿಳಿಯದೆ ಕಳೆದವನು. ಆ ವರ್ಷಗಳಲ್ಲಿ ನನಗೆ ಸಿಕ್ಕ ಬಿರುದು 'ಪುಣ್ಯವಂತ'. ಬಸ್ಸು ಹತ್ತಿದರೆ ನಿದ್ದೆ, ಟಿ.ವಿ. ಮುಂದೆ ನಿದ್ದೆ, ಕ್ಷೌರದ ಕುರ್ಚಿಯಲ್ಲೂ ನಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನೆಂಟರು ನನಗಾಗಿಯೇ ಎತ್ತಿಟ್ಟಿದ್ದರು. ಸಂತೆಯಲ್ಲಿ ನಿದ್ದೆ ಹೋಗುವವನು ರಾತ್ರಿ ಮನೆಯಲ್ಲಿ ನಿದ್ದೆಯನ್ನೇ ಮಾಡಿರದಿರಬಹುದು ಎಂದು ಆ ಗಾದೆಗೂ ಹೊಳೆದಿಲ್ಲ, ನನಗೂ ಹೊಳೆಯಲಿಲ್ಲ.

ಗಂಟಲಿನೊಳಗೆ ನಡೆಯುವುದು ಇಷ್ಟು. ನಿದ್ದೆ ಬಂದಾಗ ಮೈಯ ಸ್ನಾಯುಗಳು ಸಡಿಲವಾಗುತ್ತವೆ, ಗಂಟಲಿನವೂ ಸಹ. ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಅಂಗುಳಿನ ಮೆತ್ತನೆಯ ಭಾಗವೂ ಕಿರುನಾಲಿಗೆಯೂ ಜೋಲುತ್ತವೆ. ಕಿರಿದಾದ ಆ ದಾರಿಯಲ್ಲಿ ಗಾಳಿ ನುಗ್ಗಿದಾಗ ಇವೆಲ್ಲ ಅದುರುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದೂ ಇಲ್ಲ, ಉಸಿರೂ ಇಲ್ಲ. ಎದೆ ಮತ್ತು ಹೊಟ್ಟೆ ಮಾತ್ರ ಗಾಳಿಗಾಗಿ ಸೆಣಸುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಗೊಂಡು ಅರೆಕ್ಷಣ ಎಬ್ಬಿಸುತ್ತದೆ, ಗಂಟಲು ತೆರೆದುಕೊಳ್ಳುತ್ತದೆ, ಮತ್ತೆ ನಿದ್ದೆ. ಹೀಗೆ ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ವೈದ್ಯರು ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ತೀವ್ರವಾಗಿರುವವರಲ್ಲಿ ಗಂಟೆಗೆ 30ಕ್ಕೂ ಹೆಚ್ಚು ಬಾರಿ, ಎಂದರೆ ಎರಡು ನಿಮಿಷಕ್ಕೊಮ್ಮೆ, ಇದು ನಡೆಯುತ್ತದೆ. ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದ್ದೆ ಎಂದೇ ಮಲಗಿದವನ ಲೆಕ್ಕ.

ಗೊರಕೆ ಹೊಡೆಯುವವರಿಗೆಲ್ಲ ಸ್ಲೀಪ್ ಅಪ್ನಿಯಾ ಎಂಬ ಈ ಕಾಯಿಲೆ ಇರುವುದಿಲ್ಲ. ನೆಗಡಿಯಾದಾಗ, ತುಂಬ ದಣಿದಾಗ ಬರುವ ಗೊರಕೆಗೆ ಹೆದರಬೇಕಿಲ್ಲ. ಆದರೆ ಇದು ಅಪರೂಪದ ಕಾಯಿಲೆಯೂ ಅಲ್ಲ. ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ದೇಶದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಇದು ಇದೆ. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ಆಸ್ಪತ್ರೆಯವರು ಹೇಳಿದ ಕಾರಣ ಇದೇ. ಪತ್ರಿಕೆಗಳಲ್ಲಿ ಈ ಹೆಸರನ್ನು ಮೊದಲ ಬಾರಿಗೆ ಓದಿದವರು ಅನೇಕರಿರಬೇಕು.

ಮೊದಲ ಹೆಜ್ಜೆ: ಸಾಕ್ಷಿಯನ್ನು ಹುಡುಕಿ

ಈ ಕಾಯಿಲೆಯಲ್ಲಿ ರೋಗಿಯ ಹೇಳಿಕೆಗೆ ಬೆಲೆ ಕಡಿಮೆ, ಪಕ್ಕದಲ್ಲಿ ಮಲಗುವವರ ಹೇಳಿಕೆಗೆ ಹೆಚ್ಚು. ನಮ್ಮ ಮನೆಗಳಲ್ಲಿ ಹೆಂಡತಿ ಇದನ್ನು ಹೇಳಿದರೆ ಗಂಡ ಅದನ್ನು ದೂರು ಎಂದುಕೊಳ್ಳುತ್ತಾನೆ, "ನೀನೇನು ಕಮ್ಮಿ ಹೊಡೆಯುತ್ತೀಯಾ" ಎಂದು ಜಗಳಕ್ಕೆ ನಿಲ್ಲುತ್ತಾನೆ. ಜಗಳ ಬೇಡವೆಂದರೆ ಮೊಬೈಲಿಗೆ ಕೆಲಸ ಕೊಡಿ.

ತಲೆಯಿಂದ ಎರಡು ಮೂರು ಅಡಿ ದೂರದಲ್ಲಿ ಮೊಬೈಲ್ ಇಟ್ಟು, ಚಾರ್ಜರ್ ಸಿಕ್ಕಿಸಿ, ಧ್ವನಿಮುದ್ರಣ ಆನ್ ಮಾಡಿ ಮಲಗಿ. ಒಂದು ರಾತ್ರಿ ಸಾಲದು, ಮೂರು ರಾತ್ರಿಯಾದರೂ ಇರಲಿ. ಗುಂಡು ಹಾಕಿದ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಂದು ಎಲ್ಲರ ಗಂಟಲೂ ಕೆಡುತ್ತದೆ. ಕೇಳುವಾಗ ಮೊದಲರ್ಧ ಗಂಟೆ ಕೇಳಿ ಬಿಟ್ಟುಬಿಡಬೇಡಿ. ಕನಸು ಬೀಳುವ ಬಗೆಯ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು, ಅನೇಕರಲ್ಲಿ ಉಸಿರು ನಿಲ್ಲುವುದು ಆಗಲೇ ಜಾಸ್ತಿ. ಆದ್ದರಿಂದ ಮೂರರಿಂದ ಐದು ಗಂಟೆಯ ನಡುವಿನದನ್ನು ತಪ್ಪದೆ ಕೇಳಿ.

ಕೇಳಬೇಕಾದದ್ದು ಗೊರಕೆ ಎಷ್ಟು ಜೋರು ಎಂಬುದನ್ನಲ್ಲ, ಅದರ ನಡೆಯನ್ನು. ಗೊರಕೆ ಏರುತ್ತದೆ, ನಿಲ್ಲುತ್ತದೆ. ಆಗ ಗಡಿಯಾರ ನೋಡಿ ಎಣಿಸಿ. ಹತ್ತು, ಹದಿನೈದು, ಇಪ್ಪತ್ತು ಸೆಕೆಂಡು ಮೌನ, ಬಳಿಕ ಗಂಟಲಿನಿಂದ ಕಿತ್ತುಕೊಂಡು ಬಂದಂಥ ಒಂದು ಉಸಿರು. ಇದು ಮತ್ತೆ ಮತ್ತೆ ಕೇಳಿಸಿದರೆ ಮುಂದಿನ ಹೆಜ್ಜೆಗೆ ಹೋಗಲೇಬೇಕು. ಸಾಧ್ಯವಾದರೆ ಮನೆಯವರು ಐದು ನಿಮಿಷ ವಿಡಿಯೊ ಮಾಡಲಿ. ಬಾಯಿಂದ ಸದ್ದಿಲ್ಲದಿದ್ದರೂ ಎದೆ, ಹೊಟ್ಟೆ ಎಳೆದಾಡುವುದು ಅದರಲ್ಲಿ ಕಂಡರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಕೈಗಡಿಯಾರದಂಥ ಸಾಧನಗಳು ಈಗ ಅಪ್ನಿಯಾ ಇರಬಹುದೆಂದು ಎಚ್ಚರಿಸುತ್ತವೆ. ಎಚ್ಚರಿಸಿದರೆ ವೈದ್ಯರ ಬಳಿ ಹೋಗಿ, ಎಚ್ಚರಿಸಲಿಲ್ಲವೆಂದು ನಿಶ್ಚಿಂತರಾಗಬೇಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಹಗಲು ಬೆರಳಿಗೆ ಹಾಕಿ ನೋಡಿ ಪ್ರಯೋಜನವಿಲ್ಲ, ಎಚ್ಚರವಿರುವಾಗ ಎಲ್ಲ ಸರಿಯಾಗಿಯೇ ಇರುತ್ತದೆ.

ಒಬ್ಬರೇ ಮಲಗುವವರಿಗೆ ಬೇರೆ ಸುಳಿವುಗಳಿವೆ. ಉಸಿರು ಕಟ್ಟಿದಂತಾಗಿ ದಡಕ್ಕನೆ ಏಳುವುದು, ಬೆಳಿಗ್ಗೆ ಬಾಯಿ ಒಣಗಿರುವುದು, ಏಳುತ್ತಲೇ ತಲೆ ಭಾರ ಅಥವಾ ನೋವು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ನಾನು ಸಕ್ಕರೆ ಕಾಯಿಲೆ ಎಂದುಕೊಂಡು ಮೂರು ಸಲ ರಕ್ತ ಪರೀಕ್ಷೆ ಮಾಡಿಸಿದ್ದೆ, ಸಕ್ಕರೆ ಇರಲಿಲ್ಲ. ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯ ಹಿಗ್ಗುತ್ತದೆ, ನೀರನ್ನು ಹೊರಹಾಕು ಎಂಬ ಸಂದೇಶ ಅಲ್ಲಿಂದ ಮೂತ್ರಪಿಂಡಕ್ಕೆ ಹೋಗುತ್ತದೆ. ಮಾಸ್ಕ್ ಹಾಕಿದ ಮೇಲೆ ನನಗೆ ಮೊದಲು ತಪ್ಪಿದ್ದೇ ಈ ಓಡಾಟ.

ಎರಡನೆಯ ಹೆಜ್ಜೆ: ಹಗಲಿನ ಲೆಕ್ಕ

ಮೆಲ್ಬರ್ನ್‌ನ ಎಪ್‌ವರ್ತ್ ಆಸ್ಪತ್ರೆಯ ಹೆಸರಿನಲ್ಲಿ 1991ರಲ್ಲಿ ಬಂದ ಒಂದು ಪ್ರಶ್ನಾವಳಿಯನ್ನು ಇಂದಿಗೂ ನಿದ್ರಾ ತಜ್ಞರು ಬಳಸುತ್ತಾರೆ. ಎಂಟು ಸಂದರ್ಭಗಳು: ಕುಳಿತು ಓದುವಾಗ, ಟಿ.ವಿ. ನೋಡುವಾಗ, ಸಭೆಯಲ್ಲೋ ಚಿತ್ರಮಂದಿರದಲ್ಲೋ ಸುಮ್ಮನೆ ಕುಳಿತಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣಿಕನಾಗಿ ಕುಳಿತಾಗ, ಮಧ್ಯಾಹ್ನ ಅಡ್ಡಾದಾಗ, ಯಾರೊಂದಿಗೋ ಮಾತನಾಡುತ್ತಿರುವಾಗ, ಮದ್ಯವಿಲ್ಲದ ಊಟದ ನಂತರ ಕುಳಿತಾಗ, ವಾಹನ ಸಿಗ್ನಲ್‌ನಲ್ಲಿ ನಿಂತಾಗ. ಪ್ರತಿಯೊಂದರಲ್ಲೂ ತೂಕಡಿಕೆ ಬರುವ ಸಾಧ್ಯತೆಗೆ 0ಯಿಂದ 3ರವರೆಗೆ ಅಂಕ ಕೊಟ್ಟುಕೊಳ್ಳಿ. ಒಟ್ಟು 24ರಲ್ಲಿ 10 ದಾಟಿದರೆ ಅದು ಸಹಜವಲ್ಲದ ನಿದ್ದೆ. ನಾನು ಪ್ರಾಮಾಣಿಕವಾಗಿ ಹಾಕಿಕೊಂಡಾಗ 9 ಬಂತು. ಹೆಂಡತಿ ಹಾಕಿದಾಗ 17. ಇಲ್ಲೂ ಸಾಕ್ಷಿಯ ಮಾತನ್ನೇ ನಂಬಿ.

"ಮುದ್ದೆ ಉಂಡರೆ ಯಾರಿಗೆ ನಿದ್ದೆ ಬರುವುದಿಲ್ಲ" ಎನ್ನುವವರಿಗೆ ಒಂದು ಮಾತು. ಊಟದ ನಂತರದ ಜೊಂಪು ಬೇರೆ, ಸಿಗ್ನಲ್‌ನಲ್ಲಿ ಹಸಿರು ದೀಪ ಬಂದದ್ದು ಹಿಂದಿನವರು ಹಾರ್ನ್ ಹೊಡೆದ ಮೇಲೆ ತಿಳಿಯುವುದು ಬೇರೆ. ಎರಡನೆಯದು ಒಮ್ಮೆ ನಡೆದಿದ್ದರೂ ಚಿಕಿತ್ಸೆ ಶುರುವಾಗುವವರೆಗೆ ಸ್ಟೀರಿಂಗ್ ಹಿಡಿಯಬೇಡಿ. ಲಾರಿ, ರಾತ್ರಿ ಬಸ್ಸು, ಟ್ಯಾಕ್ಸಿ ಓಡಿಸುವವರಿಗೆ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಮೂರನೆಯ ಹೆಜ್ಜೆ: ಟೇಪು ಹಿಡಿಯಿರಿ

ದರ್ಜಿಯ ಟೇಪಿನಿಂದ ಕುತ್ತಿಗೆಯ ಸುತ್ತಳತೆ ತೆಗೆಯಿರಿ. ಜೊತೆಗೆ ತೂಕ, ಎತ್ತರ, ರಕ್ತದೊತ್ತಡ. ಈಗ ಎಂಟು ಪ್ರಶ್ನೆಗಳು, ಹೌದಾದರೆ ಒಂದೊಂದು ಅಂಕ. ಮುಚ್ಚಿದ ಬಾಗಿಲಾಚೆಗೂ ಕೇಳಿಸುವ ಗೊರಕೆಯೇ? ಹಗಲೆಲ್ಲ ದಣಿವೇ? ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿ.ಪಿ. ಇದೆಯೇ? ದೇಹ ತೂಕ ಸೂಚ್ಯಂಕ (ಬಿಎಂಐ, ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 35ಕ್ಕಿಂತ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕುತ್ತಿಗೆ ಗಂಡಸರಲ್ಲಿ 17 ಇಂಚು, ಹೆಂಗಸರಲ್ಲಿ 16 ಇಂಚು ಅಥವಾ ಹೆಚ್ಚಿದೆಯೇ? ಗಂಡಸೇ? ಮೂರು ನಾಲ್ಕು ಅಂಕ ಬಂದರೆ ಅನುಮಾನ, ಐದು ಅಥವಾ ಹೆಚ್ಚಾದರೆ ಬಲವಾದ ಅನುಮಾನ. ಇದು ಕೆನಡಾದ ಟೊರೊಂಟೊದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ಕೇಳಲೆಂದು ರೂಪಿಸಿದ 'ಸ್ಟಾಪ್‌-ಬ್ಯಾಂಗ್' ಪ್ರಶ್ನಾವಳಿ.

ಬಿಎಂಐ 35 ಎಂಬ ಗೆರೆ ನಮಗೆ ಅಷ್ಟಾಗಿ ಒಗ್ಗುವುದಿಲ್ಲ. ಏಷ್ಯಾದವರಲ್ಲಿ ದವಡೆ, ಮುಖದ ಮೂಳೆಗಳ ರಚನೆಯಿಂದಾಗಿ ಅಷ್ಟು ದಪ್ಪವಿಲ್ಲದೆಯೂ ಈ ಕಾಯಿಲೆ ಬರುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ, ಕುತ್ತಿಗೆ ಮಾತ್ರ ಬಂದ ನಮ್ಮ ಮಾಮೂಲಿ ಆಕೃತಿಯೇ ಸಾಕು. ಕೆಳದವಡೆ ಹಿಂದಕ್ಕಿರುವ ಸಣಕಲು ಮನುಷ್ಯನೂ ಇದರಿಂದ ಬಳಲಬಹುದು. ಬಿ.ಪಿ.ಗೆ ಮೂರು ಬಗೆಯ ಮಾತ್ರೆ ನುಂಗಿಯೂ ಹತೋಟಿಗೆ ಬಾರದಿದ್ದರೆ ಅಂಕ ಎಷ್ಟೇ ಬರಲಿ, ನಿದ್ದೆಯ ಪರೀಕ್ಷೆಯ ಬಗ್ಗೆ ನೀವೇ ವೈದ್ಯರನ್ನು ಕೇಳಿ.

ಹೆಂಗಸರ ಮಾತು ಬೇರೆಯಾಗಿಯೇ ಹೇಳಬೇಕು. ಮೇಲಿನ ಪ್ರಶ್ನಾವಳಿಯಲ್ಲಿ ಗಂಡಸಾಗಿದ್ದಕ್ಕೇ ಒಂದು ಅಂಕವಿದೆ, ಹೆಂಗಸರು ತಪ್ಪಿಹೋಗುವುದು ಅಲ್ಲಿಂದಲೇ ಶುರು. ಅವರ ಗೊರಕೆ ಅಷ್ಟು ಜೋರಿರುವುದಿಲ್ಲ, ಇದ್ದರೂ ಹೇಳಿಕೊಳ್ಳಲು ನಾಚಿಕೆ. "ನಿದ್ದೆಯೇ ಬರುವುದಿಲ್ಲ", "ಎದ್ದರೂ ಸುಸ್ತು", "ಬೆಳಿಗ್ಗೆ ತಲೆನೋವು" ಎಂದು ಹೋದವರಿಗೆ ರಕ್ತಹೀನತೆಗೋ ಮನೋವೇದನೆಗೋ ಮಾತ್ರೆ ಸಿಗುತ್ತದೆ. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಥೈರಾಯ್ಡ್ ಕಡಿಮೆಯಿರುವುದು, ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು) ಕೂಡ ಇದಕ್ಕೆ ದಾರಿಯಾಗಬಲ್ಲವು. ನಿದ್ದೆ ಬರುವುದಿಲ್ಲವೆಂದು ಸ್ವಂತ ಬುದ್ಧಿಯಿಂದ ನಿದ್ದೆ ಮಾತ್ರೆ ನುಂಗುವುದಂತೂ ಬೇಡವೇ ಬೇಡ. ಕೆಲವು ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ.

ಮಕ್ಕಳ ಗೊರಕೆ ಮುದ್ದಾಗಿ ಕೇಳಿಸಬಹುದು. ಆದರೆ ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದು ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುವ, ದೊಡ್ಡದಾದ ಮೇಲೂ ಹಾಸಿಗೆ ಒದ್ದೆ ಮಾಡುವ ಮಗುವನ್ನು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಕಾರಣ ಸಾಮಾನ್ಯವಾಗಿ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿರುವುದು. ಮಕ್ಕಳು ನಿದ್ದೆಗೆಟ್ಟರೆ ದೊಡ್ಡವರಂತೆ ತೂಕಡಿಸುವುದಿಲ್ಲ, ಕುಳಿತಲ್ಲಿ ಕೂರದೆ ಹಟ ಮಾಡುತ್ತಾರೆ. 'ತುಂಟ' ಎಂದು ಶಾಲೆಯಿಂದ ದೂರು ತರುವ ಕೆಲವರ ತುಂಟತನದ ಮೂಲ ಗಂಟಲಿನಲ್ಲಿರುತ್ತದೆ.

ನಾಲ್ಕನೆಯ ಹೆಜ್ಜೆ: ಯಾರ ಬಳಿ, ಯಾವ ಪರೀಕ್ಷೆ

ಶ್ವಾಸಕೋಶ ತಜ್ಞರ ಬಳಿ ಹೋಗಬಹುದು, ಇಎನ್‌ಟಿ ತಜ್ಞರ ಬಳಿಯೂ ಹೋಗಬಹುದು. ಮೂಗು ಸದಾ ಕಟ್ಟುವವರಿಗೆ, ಮೂಗಿನ ನಡುಗೋಡೆ ಸೊಟ್ಟಗಿರುವವರಿಗೆ ಇಎನ್‌ಟಿ ಮೊದಲು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನಿದ್ದೆಯ ಅಧ್ಯಯನವೇ ಒಂದು ವಿಭಾಗದ ಕೆಲಸ. ಜಿಲ್ಲಾ ಕೇಂದ್ರಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸೌಲಭ್ಯವಿದೆಯೇ ಎಂದು ಮೊದಲು ವಿಚಾರಿಸಿ, ಸುಮ್ಮನೆ ಬೆಂಗಳೂರಿನ ಬಸ್ಸು ಹತ್ತಬೇಡಿ. ಹೋಗುವಾಗ ಧ್ವನಿಮುದ್ರಣ, ಅಂಕಗಳ ಚೀಟಿ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಿರಿ. ನಾನು ಒಬ್ಬನೇ ಹೋದ ಮೊದಲ ಭೇಟಿಯಲ್ಲಿ "ತೂಕ ಇಳಿಸಿ" ಎಂಬ ಎರಡು ಪದಗಳೊಂದಿಗೆ ವಾಪಸಾದೆ. ಹೆಂಡತಿಯೂ ಬಂದ ಎರಡನೆಯ ಭೇಟಿಯಲ್ಲಿ ಪರೀಕ್ಷೆಗೆ ಬರೆದುಕೊಟ್ಟರು.

ಪರೀಕ್ಷೆಗೆ ಎಲ್ಲರೂ ಹೇಳುವ ಹೆಸರು ಸ್ಲೀಪ್ ಸ್ಟಡಿ. ಪೂರ್ಣ ಪರೀಕ್ಷೆಯಾದರೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಕಾಲಿಗೆ ವೈರುಗಳು, ಎದೆಗೆ ಹೊಟ್ಟೆಗೆ ಪಟ್ಟಿ, ಮೂಗಿನ ಬಳಿ ನಳಿಗೆ, ಬೆರಳಿಗೆ ಆಕ್ಸಿಮೀಟರ್. ನೋವಿಲ್ಲ, ಸೂಜಿಯಿಲ್ಲ. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುತ್ತದೆಯೇ ಎಂದು ಕೇಳಿದ್ದೆ. ತಂತ್ರಜ್ಞ ನಕ್ಕು, ಈ ಕಾಯಿಲೆಯವರಿಗೆ ಆ ಚಿಂತೆ ಬೇಡ ಎಂದ. ಅನುಮಾನ ಬಲವಾಗಿದ್ದು, ಹೃದಯ ಅಥವಾ ಶ್ವಾಸಕೋಶದ ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಪರೀಕ್ಷೆಯೂ ಇದೆ, ಖರ್ಚೂ ಕಡಿಮೆ. ಅದರಲ್ಲಿ ಏನೂ ಕಾಣದಿದ್ದರೂ ಲಕ್ಷಣಗಳು ಉಳಿದಿದ್ದರೆ ಪೂರ್ಣ ಪರೀಕ್ಷೆ ಮಾಡಿಸಬೇಕು.

ವರದಿಯಲ್ಲಿ ಪುಟಗಟ್ಟಲೆ ಗೆರೆಗಳಿರುತ್ತವೆ. ನೀವು ಹುಡುಕಬೇಕಾದದ್ದು ಎಎಚ್‌ಐ ಎಂಬ ಸಂಖ್ಯೆ: ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿದೆ ಅಥವಾ ತುಂಬ ಕುಗ್ಗಿದೆ ಎಂಬುದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ. ಮಕ್ಕಳಿಗೆ ಈ ಅಳತೆ ಅನ್ವಯಿಸುವುದಿಲ್ಲ, ಅವರಲ್ಲಿ ಗಂಟೆಗೆ ಒಂದಾದರೂ ಗಮನಿಸಬೇಕಾದದ್ದೇ. ಆಮ್ಲಜನಕ ಎಷ್ಟರವರೆಗೆ ಇಳಿದಿತ್ತು ಎಂಬುದನ್ನೂ ನೋಡಿ. ನನ್ನ ಗಂಟೆಯ ಲೆಕ್ಕ 41, ಆಮ್ಲಜನಕ ಇಳಿದದ್ದು 76ಕ್ಕೆ. ಕೋವಿಡ್ ಕಾಲದಲ್ಲಿ 94ಕ್ಕೆ ಇಳಿದರೆ ಆಸ್ಪತ್ರೆಗೆ ಓಡುತ್ತಿದ್ದೆವಲ್ಲ, ಆ ಸಂಖ್ಯೆಯನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಐದನೆಯ ಹೆಜ್ಜೆ: ಮಾಸ್ಕಿನ ಮೊದಲ ತಿಂಗಳು

ಸೌಮ್ಯವಾಗಿದ್ದರೆ ತೂಕ ಇಳಿಸುವುದು, ಮಗ್ಗಲಾಗಿ ಮಲಗುವುದು, ಮದ್ಯ ಬಿಡುವುದು ಸಾಕಾಗಬಹುದು. ತೂಕ ಹತ್ತನೇ ಒಂದು ಭಾಗ ಇಳಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುತ್ತದೆ ಎನ್ನುತ್ತದೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ದೀರ್ಘ ಅಧ್ಯಯನ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರು ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿಸಿ ಟೆನಿಸ್ ಚೆಂಡು ಇಟ್ಟುಕೊಳ್ಳಬಹುದು, ಹಳೆಯ ಉಪಾಯವಾದರೂ ನಡೆಯುತ್ತದೆ. ಕೆಲವರಿಗೆ ದಂತವೈದ್ಯರು ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ ಮಾಡಿಕೊಡುತ್ತಾರೆ. ಶಸ್ತ್ರಚಿಕಿತ್ಸೆ ಯಾರಿಗೆ ಹೊಂದುತ್ತದೆ ಎಂಬುದನ್ನು ಗಂಟಲು ನೋಡಿದ ವೈದ್ಯರೇ ಹೇಳಬೇಕು.

ಮಧ್ಯಮ, ತೀವ್ರ ಹಂತಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಅವರ ಮೊದಲ ಯಂತ್ರಕ್ಕೆ ಗಾಳಿ ಊದಿದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟಾರು. ತತ್ವ ಸರಳ: ಸೈಕಲ್ ಟ್ಯೂಬಿಗೆ ಗಾಳಿ ತುಂಬಿದರೆ ಅದು ಮಡಿಸಿಕೊಳ್ಳುವುದಿಲ್ಲವಲ್ಲ, ಹಾಗೆ ಗಂಟಲಿನ ದಾರಿಯನ್ನು ಗಾಳಿಯ ಒತ್ತಡವೇ ತೆರೆದಿಡುತ್ತದೆ. ಇದು ಆಮ್ಲಜನಕದ ಯಂತ್ರವಲ್ಲ, ಕೋಣೆಯ ಗಾಳಿಯನ್ನೇ ಊದುತ್ತದೆ.

ಮಾಸ್ಕ್ ಸಹಿಸದೆ ಯಂತ್ರವನ್ನು ಅಟ್ಟಕ್ಕೆ ಸೇರಿಸಿದವರು ನನಗೇ ಮೂವರು ಗೊತ್ತು. ಹಾಗಾಗಬಾರದೆಂದರೆ ಕೂಡಲೇ ಕೊಳ್ಳಬೇಡಿ, ಒಂದು ತಿಂಗಳು ಬಾಡಿಗೆಗೆ ತನ್ನಿ. ಹತ್ತಾರು ಸಾವಿರ ರೂಪಾಯಿಯ ವಸ್ತು ಅದು. ಕೇಂದ್ರ ಸರ್ಕಾರಿ ನೌಕರರು, ಪಿಂಚಣಿದಾರರು ತಮ್ಮ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ಅಡಿಯಲ್ಲಿ ಮರುಪಾವತಿಯ ನಿಯಮವನ್ನು ಕೊಳ್ಳುವ ಮೊದಲೇ ವಿಚಾರಿಸಲಿ. ಮಾಸ್ಕನ್ನು ಮಲಗಿಕೊಂಡು ಹಾಕಿ ನೋಡಿ ಆರಿಸಿ. ಅಂಗಡಿಯ ಕುರ್ಚಿಯಲ್ಲಿ ಕುಳಿತು ಆರಿಸಿದ ನನ್ನ ಮೊದಲ ಮಾಸ್ಕ್ ಮಗ್ಗಲಾದೊಡನೆ ಕಣ್ಣಿಗೆ ಗಾಳಿ ಊದುತ್ತಿತ್ತು. ಮೀಸೆ, ಗಡ್ಡದವರಿಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪುಟ್ಟ ಮಾಸ್ಕ್ ಅನುಕೂಲ. ಮೊದಲ ವಾರ ಸಂಜೆ ಟಿ.ವಿ. ನೋಡುವಾಗ ಅರ್ಧ ಗಂಟೆ ಹಾಕಿ ಅಭ್ಯಾಸ ಮಾಡಿಕೊಳ್ಳಿ, ಮೊಮ್ಮಕ್ಕಳು ಆನೆ ಎಂದರೆ ಎನ್ನಲಿ. ರಾತ್ರಿ ಎರಡು ಗಂಟೆ ತಡೆದರೂ ಸರಿ, ನಾಲ್ಕು ಗಂಟೆಗೆ ಏರಿಸಿ, ಆಮೇಲೆ ಇಡೀ ರಾತ್ರಿ. ಗಂಟಲು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಬಳಸಿ, ಅದಕ್ಕೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಬೋರ್‌ವೆಲ್ ನೀರು ಹಾಕಿದರೆ ತಟ್ಟೆಯಲ್ಲಿ ಸುಣ್ಣ ಕಟ್ಟುತ್ತದೆ. ಮಾಸ್ಕಿನ ಮೆತ್ತೆಯನ್ನು ದಿನವೂ ಸಾಬೂನಿನಿಂದ ತೊಳೆಯಿರಿ, ಮುಖದ ಜಿಡ್ಡು ಸೋರಿಕೆಗೆ ಮೊದಲ ಕಾರಣ.

ಮೂಗಿಗೆ ಅಂಟಿಸುವ ಪಟ್ಟಿ, ಗದ್ದಕ್ಕೆ ಕಟ್ಟುವ ಪಟ್ಟಿ, ಗಂಟಲಿಗೆ ಸಿಂಪಡಿಸುವ ದ್ರವ ಎಲ್ಲವನ್ನೂ ನಾನು ಕೊಂಡು ನೋಡಿದ್ದೇನೆ. ಪಟ್ಟಿಯಿಂದ ಸದ್ದು ಕೊಂಚ ಇಳಿಯಿತು, ಉಸಿರು ನಿಲ್ಲುವುದು ನಿಲ್ಲಲಿಲ್ಲ. ಸದ್ದು ಇಳಿಸಿ ಕಾಯಿಲೆ ಉಳಿಸುವ ಉಪಾಯದಿಂದ ಸಾಕ್ಷಿಯ ಬಾಯಿ ಮುಚ್ಚಿಸಿದಂತಾಗುತ್ತದೆ ಅಷ್ಟೆ. ಶಂಖ ಊದುವುದರ ಬಗ್ಗೆ ಈಚೆಗೆ ಬಹಳ ಮಂದಿ ಕೇಳುತ್ತಾರೆ. ಜೈಪುರದ ವೈದ್ಯರು 30 ರೋಗಿಗಳ ಮೇಲೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ಶಂಖ ಊದಿದವರ ಹಗಲಿನ ತೂಕಡಿಕೆ ಕಡಿಮೆಯಾಗಿತ್ತು, ಎಎಚ್‌ಐ ಕೂಡ ಸ್ವಲ್ಪ ಇಳಿದಿತ್ತು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಸಿಗುವುದರಿಂದ ಇದು ನಂಬಲಾಗದ ಮಾತೇನಲ್ಲ. ಆದರೆ 30 ಜನರ ಅಧ್ಯಯನವನ್ನು ನಂಬಿ ಮಾಸ್ಕ್ ತೆಗೆದಿಡಬೇಡಿ. ಊದುವುದಾದರೆ ಜೊತೆಗೆ ಊದಿ, ಪಕ್ಕದ ಮನೆಯವರನ್ನು ಒಂದು ಮಾತು ಕೇಳಿಕೊಂಡು.

ಇನ್ನು ಕೆಲವು ಸಣ್ಣ ಸಂಗತಿಗಳು. ಯಾವುದೇ ಶಸ್ತ್ರಚಿಕಿತ್ಸೆಯಿರಲಿ, ಅರಿವಳಿಕೆ ವೈದ್ಯರಿಗೆ ಅಪ್ನಿಯಾ ಇರುವುದನ್ನು ಮೊದಲೇ ಹೇಳಿ, ಆಸ್ಪತ್ರೆಗೆ ಯಂತ್ರವನ್ನೂ ಒಯ್ಯಿರಿ. ಅರಿವಳಿಕೆ, ನೋವಿನ ಚುಚ್ಚುಮದ್ದು ಎರಡೂ ಗಂಟಲನ್ನು ಸಡಿಲಗೊಳಿಸುತ್ತವೆ. ತೂಕ ಹತ್ತು ಕಿಲೋ ಏರಿದರೂ ಇಳಿದರೂ ಯಂತ್ರದ ಒತ್ತಡವನ್ನು ಮತ್ತೆ ನೋಡಿಸಿ. ಕರೆಂಟು ಹೋಗುವ ಊರಾದರೆ ಮನೆಯ ಯುಪಿಎಸ್ ಸಾಲಿಗೆ ಮಲಗುವ ಕೋಣೆಯ ಪ್ಲಗ್ಗನ್ನೂ ಸೇರಿಸಿಕೊಳ್ಳಿ. ಹ್ಯುಮಿಡಿಫೈಯರ್ ಆಫ್ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ರೈಲಿನ ಚಾರ್ಜಿಂಗ್ ಪಾಯಿಂಟ್‌ಗಳಿಗೆ ರಾತ್ರಿ ವಿದ್ಯುತ್ ಇರುತ್ತದೆಂದು ನಂಬಿ ಹೊರಡಬೇಡಿ, ಹಗಲು ರೈಲು ಸಿಕ್ಕರೆ ಅದನ್ನೇ ಹಿಡಿಯಿರಿ. ಮದುವೆಗೆ ಹೋಗುವಾಗ ಉದ್ದನೆಯ ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಮರೆಯಬೇಡಿ. ಛತ್ರದಲ್ಲಿ ನಮ್ಮ ಜಮಖಾನ ಒಂದು ಗೋಡೆಗಿದ್ದರೆ ಪ್ಲಗ್ ಪಾಯಿಂಟ್ ಯಾವಾಗಲೂ ಎದುರು ಗೋಡೆಗೇ ಇರುತ್ತದೆ.